ಕೀಟೋನ್‌ಗಳು ಮತ್ತು ಅವುಗಳ ಪರೀಕ್ಷೆ

ಜೀವಕೋಶಗಳಿಗೆ ಗ್ಲೂಕೋಸ್ ಸಾಲದೆ ಬಂದಾಗ, ಅಥವಾ ರಕ್ತದಲ್ಲಿ ಗ್ಲೂಕೋಸ್ ತುಂಬಿದ್ದರೂ ಅದನ್ನು ಕೋಶದೊಳಕ್ಕೆ ಬಿಟ್ಟುಕೊಳ್ಳಲು ಬೇಕಾದ ಇನ್ಸುಲಿನ್ ಇಲ್ಲದಾಗ, ಯಕೃತ್ತು ಕೊಬ್ಬಿನಾಮ್ಲಗಳನ್ನು ಒಡೆದು ತಯಾರಿಸುವ ಮೂರು ಸಣ್ಣ ಅಣುಗಳಿಗೆ ಕೀಟೋನ್‌ಗಳು ಅಥವಾ ಕೀಟೋನ್ ಕಾಯಗಳು ಎಂದು ಹೆಸರು. ಅಸಿಟೋಅಸಿಟೇಟ್, ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಮತ್ತು ಅಸಿಟೋನ್ ಎಂಬ ಈ ಮೂರರಲ್ಲಿ ರಕ್ತದಲ್ಲಿ ಹೆಚ್ಚಾಗಿ ಸೇರುವ ಎರಡನೆಯದು ರಸಾಯನಶಾಸ್ತ್ರದ ಲೆಕ್ಕದಲ್ಲಿ ಕೀಟೋನೇ ಅಲ್ಲ. ಆದರೂ ಮೊದಲನೆಯದರಿಂದಲೇ ಹುಟ್ಟಿ ಮತ್ತೆ ಅದಕ್ಕೇ ಮರಳುವುದರಿಂದ ಅದನ್ನು ಈ ಗುಂಪಿನಲ್ಲೇ ಸೇರಿಸುವ ವಾಡಿಕೆ ಉಳಿದಿದೆ. ರಕ್ತದಲ್ಲಿ ಇವುಗಳ ಪ್ರಮಾಣ ಏರಿರುವ ಸ್ಥಿತಿಯನ್ನು ಕೀಟೋಸಿಸ್ ಎಂದೂ, ಆ ಏರಿಕೆಯಿಂದ ರಕ್ತವೇ ಆಮ್ಲೀಯವಾಗಿ ಪ್ರಾಣಾಪಾಯ ಒದಗುವ ಸ್ಥಿತಿಯನ್ನು ಕೀಟೋಅಸಿಡೋಸಿಸ್ ಎಂದೂ ಕರೆಯುತ್ತಾರೆ. ಮೊದಲನೆಯದು ಆರೋಗ್ಯವಂತರಲ್ಲೂ ಕಾಣಿಸುವ ಸಹಜ ಸಂಗತಿ, ಎರಡನೆಯದು ತುರ್ತು ಕಾಯಿಲೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಆಗುವ ತೊಂದರೆ ಸಣ್ಣದಲ್ಲ.

ಊಟವಾಗಿ ಹಲವು ಗಂಟೆ ಕಳೆದ ಮೇಲೆ ಇನ್ಸುಲಿನ್ ಪ್ರಮಾಣ ತಗ್ಗುತ್ತದೆ, ಗ್ಲೂಕಗಾನ್ ಎಂಬ ಎದುರು ಹಾರ್ಮೋನು ಏರುತ್ತದೆ, ಚರ್ಮದಡಿಯ ಮತ್ತು ಹೊಟ್ಟೆಯ ಕೊಬ್ಬು ಕರಗಿ ಕೊಬ್ಬಿನಾಮ್ಲಗಳಾಗಿ ಯಕೃತ್ತಿಗೆ ಹರಿಯುತ್ತದೆ. ಯಕೃತ್ತಿನ ಕೋಶಗಳಲ್ಲಿರುವ ಮೈಟೊಕಾಂಡ್ರಿಯಗಳು ಇವನ್ನು ಅಸಿಟೈಲ್ ಕೋ-ಎ ಎಂಬ ತುಣುಕುಗಳಾಗಿ ಒಡೆಯುತ್ತವೆ; ಆ ತುಣುಕುಗಳು ಯಕೃತ್ತು ಉರಿಸಬಲ್ಲದ್ದಕ್ಕಿಂತ ಹೆಚ್ಚಾದಾಗ ಒಂದಕ್ಕೊಂದು ಕೂಡಿ ಕೀಟೋನ್‌ಗಳಾಗಿ ರಕ್ತಕ್ಕೆ ಬಿಡುಗಡೆಯಾಗುತ್ತವೆ. ಹೀಗೆ ತಯಾರಿಸಿದ ಇಂಧನವನ್ನು ಯಕೃತ್ತು ತಾನೇ ಬಳಸಲಾರದು, ಏಕೆಂದರೆ ಅದಕ್ಕೆ ಬೇಕಾದ ಒಂದು ಕಿಣ್ವ ಅದರಲ್ಲಿಲ್ಲ. ಹೃದಯ, ಮೂತ್ರಪಿಂಡ, ಸ್ನಾಯು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮೆದುಳು ಅದನ್ನು ಬಳಸಿಕೊಳ್ಳುತ್ತವೆ. ಮೆದುಳು ಗ್ಲೂಕೋಸನ್ನಲ್ಲದೆ ಬೇರೇನನ್ನೂ ಮುಟ್ಟದು ಎಂಬ ನಂಬಿಕೆಯನ್ನು ಜಾರ್ಜ್ ಕಾಹಿಲ್ ಅವರ ತಂಡ 1967ರಲ್ಲಿ ಪ್ರಕಟಿಸಿದ ದೀರ್ಘ ಉಪವಾಸದ ಅಧ್ಯಯನ ಮುರಿಯಿತು. ವಾರಗಟ್ಟಲೆ ಉಪವಾಸವಿದ್ದವರ ಮೆದುಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಕೀಟೋನ್‌ಗಳೇ ಒದಗಿಸುತ್ತಿದ್ದವು. ಈ ಏರ್ಪಾಡು ಇಲ್ಲದಿದ್ದರೆ ಮೆದುಳಿಗೆ ಗ್ಲೂಕೋಸ್ ಒದಗಿಸಲು ಸ್ನಾಯುಗಳನ್ನೇ ಕರಗಿಸಬೇಕಾಗಿ ಬಂದು, ಬರಗಾಲದಲ್ಲಿ ಮನುಷ್ಯ ಕೆಲವೇ ವಾರಗಳಲ್ಲಿ ಕುಸಿಯುತ್ತಿದ್ದ.

ಉಪವಾಸದಲ್ಲಿ ಕೀಟೋನ್ ಏರಿದರೂ ರಕ್ತ ಅಪಾಯದ ಮಟ್ಟಕ್ಕೆ ಆಮ್ಲೀಯವಾಗದಿರುವುದಕ್ಕೆ ಕಾರಣ, ಮೇದೋಜೀರಕ ಗ್ರಂಥಿ ಸ್ವಲ್ಪ ಪ್ರಮಾಣದಲ್ಲಾದರೂ ಇನ್ಸುಲಿನ್ ಸ್ರವಿಸುತ್ತಲೇ ಇದ್ದು ಕೊಬ್ಬು ಕರಗುವ ವೇಗಕ್ಕೆ ಕಡಿವಾಣ ಹಾಕಿರುವುದು. ಮೊದಲನೇ ವಿಧದ ಮಧುಮೇಹದಲ್ಲಿ ಆ ಕಡಿವಾಣವೇ ಇರುವುದಿಲ್ಲ. ಕೊಬ್ಬು ತಡೆಯಿಲ್ಲದೆ ಕರಗುತ್ತದೆ, ಕೀಟೋನ್ ಲೀಟರಿಗೆ 10, 20 ಮಿಲಿಮೋಲ್‌ವರೆಗೂ ಏರುತ್ತದೆ, ರಕ್ತದ ಬೈಕಾರ್ಬೊನೇಟ್ ಆಮ್ಲವನ್ನು ತಟಸ್ಥಗೊಳಿಸುವುದರಲ್ಲೇ ಮುಗಿದುಹೋಗುತ್ತದೆ, ಅತಿಮೂತ್ರದಿಂದ ನೀರೂ ಪೊಟ್ಯಾಸಿಯಮ್ಮೂ ಸೋರಿಹೋಗುತ್ತವೆ. ರಾತ್ರಿ ಉಪವಾಸದ ನಂತರ ಆರೋಗ್ಯವಂತರ ರಕ್ತದಲ್ಲಿರುವ ಪ್ರಮಾಣ ಸಾಮಾನ್ಯವಾಗಿ 0.5 ಮಿಲಿಮೋಲನ್ನು ದಾಟುವುದಿಲ್ಲ ಎಂಬುದರ ಪಕ್ಕದಲ್ಲಿಟ್ಟರೆ ಈ ಏರಿಕೆಯ ಗಾತ್ರ ತಿಳಿಯುತ್ತದೆ.

ಕೀಟೋನ್‌ಗಳು ವೈದ್ಯರ ಕಣ್ಣಿಗೆ ಬಿದ್ದದ್ದು ಮಧುಮೇಹದ ಮೂಲಕವೇ. 1857ರಲ್ಲಿ ಪ್ರಾಗ್‌ನ ವಿಲ್ಹೆಲ್ಮ್ ಪೆಟರ್ಸ್ ಮಧುಮೇಹದಿಂದ ಪ್ರಜ್ಞೆ ತಪ್ಪಿದ ರೋಗಿಯ ಮೂತ್ರದಲ್ಲಿ ಅಸಿಟೋನನ್ನು ಗುರುತಿಸಿದರು. 1865ರಲ್ಲಿ ಕಾರ್ಲ್ ಗೆರ್ಹಾರ್ಟ್ ಫೆರಿಕ್ ಕ್ಲೋರೈಡ್ ಹಾಕಿ ಮೂತ್ರ ಕೆಂಪಾಗುವುದನ್ನು ತೋರಿಸಿದರು. 1874ರಲ್ಲಿ ಅಡಾಲ್ಫ್ ಕುಸ್ಮಾಲ್ ಇಂಥ ರೋಗಿಗಳ ಆಳವಾದ, ಎಡೆಬಿಡದ ಉಸಿರಾಟವನ್ನು ವರ್ಣಿಸಿದರು. ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ದೇಹ ನಡೆಸುವ ಈ ಹೆಣಗಾಟ ಇಂದಿಗೂ ಕುಸ್ಮಾಲ್ ಉಸಿರಾಟವೆಂದೇ ಹೆಸರಾಗಿದೆ. ಬೀಟಾ-ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವನ್ನು 1884ರಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಎಡ್ವರ್ಡ್ ಕ್ಯೂಲ್ಸ್ ಪ್ರತ್ಯೇಕವಾಗಿ ಕಂಡುಕೊಂಡರು. ಚಿಕಿತ್ಸೆಗೆ ಮಾತ್ರ 1922ರ ತನಕ ಕಾಯಬೇಕಾಯಿತು. ಆ ವರ್ಷದ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಇನ್ಸುಲಿನ್ ಚುಚ್ಚುಮದ್ದು ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸಾರವನ್ನು 23ನೇ ತಾರೀಖಿನಿಂದ ಕೊಡತೊಡಗಿದಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು, ಮೂತ್ರದ ಕೀಟೋನ್ ಮಾಯವಾಯಿತು. ಇನ್ಸುಲಿನ್ ಕೆಲಸ ಮಾಡಿತೆಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಕೀಟೋನ್ ಪರೀಕ್ಷೆಯೂ ಒಂದು.

ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಜೀವರಸಾಯನ ಪ್ರಯೋಗಶಾಲೆಯಲ್ಲಿ ಇಂದಿಗೂ ಕೈಯಾರೆ ಮಾಡುವ ಪರೀಕ್ಷೆ ಎ.ಸಿ.ಎಚ್. ರೊಥೆರಾ 1908ರಲ್ಲಿ ರೂಪಿಸಿದ್ದು. ಪ್ರನಾಳದಲ್ಲಿ ಸುಮಾರು 5 ಮಿಲಿಲೀಟರ್ ಮೂತ್ರ ತೆಗೆದುಕೊಂಡು, ತಳದಲ್ಲಿ ಕರಗದ ಹರಳು ಉಳಿಯುವವರೆಗೆ ಅಮೋನಿಯಂ ಸಲ್ಫೇಟ್ ಹಾಕಿ ಕುಲುಕಿ, ಆಗಷ್ಟೇ ಕರಗಿಸಿದ ಸೋಡಿಯಂ ನೈಟ್ರೋಪ್ರಸೈಡ್‌ನ ಕೆಲವು ಹನಿ ಬೆರೆಸಿ, ಕೊನೆಗೆ ಪ್ರಬಲ ಅಮೋನಿಯವನ್ನು ಪ್ರನಾಳದ ಗೋಡೆಯ ಗುಂಟ ನಿಧಾನವಾಗಿ ಇಳಿಬಿಡುತ್ತಾರೆ. ಕೀಟೋನ್ ಇದ್ದರೆ ಎರಡು ದ್ರವಗಳು ಸೇರುವಲ್ಲಿ ನೇರಳೆ ಬಣ್ಣದ ಉಂಗುರ ಮೂಡುತ್ತದೆ; ಅಮೋನಿಯವನ್ನು ಅವಸರದಿಂದ ಸುರಿದರೆ ಉಂಗುರ ಕಟ್ಟುವುದಿಲ್ಲ. ಅಂಗಡಿಯಲ್ಲಿ ಸಿಗುವ ಮೂತ್ರದ ಸ್ಟ್ರಿಪ್ಪಿನ ತುದಿಯಲ್ಲಿರುವ ಕಾಗದದ ಚೂರು ಈ ನೈಟ್ರೋಪ್ರಸೈಡ್ ಕ್ರಿಯೆಯ ಒಣ ರೂಪವೇ. 1950ರ ದಶಕದಿಂದ ಇಂಥ ಸ್ಟ್ರಿಪ್ಪುಗಳು ಬಳಕೆಗೆ ಬಂದು ಪರೀಕ್ಷೆ ಪ್ರಯೋಗಶಾಲೆಯಿಂದ ಮನೆಗೆ ಇಳಿಯಿತು.

ಈ ಕ್ರಿಯೆಗೆ ಹುಟ್ಟಿನಿಂದಲೇ ಒಂದು ಕೊರತೆಯಿದೆ. ನೈಟ್ರೋಪ್ರಸೈಡ್ ಅಸಿಟೋಅಸಿಟೇಟನ್ನು ಚೆನ್ನಾಗಿ, ಅಸಿಟೋನನ್ನು ಮಂದವಾಗಿ ಗುರುತಿಸುತ್ತದೆ, ಬೀಟಾ-ಹೈಡ್ರಾಕ್ಸಿಬ್ಯುಟಿರೇಟನ್ನು ಗುರುತಿಸುವುದೇ ಇಲ್ಲ. ಆರೋಗ್ಯವಂತರ ರಕ್ತದಲ್ಲಿ ಎರಡು ಮುಖ್ಯ ಕೀಟೋನ್‌ಗಳು ಹೆಚ್ಚುಕಡಿಮೆ ಸರಿಸಮನಾಗಿದ್ದರೆ, ಕೀಟೋಅಸಿಡೋಸಿಸ್‌ನಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಮೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಬಹಳ ಹೆಚ್ಚಾಗಿರುತ್ತದೆ. ಅಂದರೆ ಅಪಾಯ ಹೆಚ್ಚಿದಷ್ಟೂ ಸ್ಟ್ರಿಪ್ಪಿನ ಕಣ್ಣಿಗೆ ಬೀಳುವ ಪಾಲು ಕಡಿಮೆ. ಚಿಕಿತ್ಸೆ ಶುರುವಾದ ಮೇಲೆ ಇದೇ ಕೊರತೆ ತಿರುಗುಮುರುಗಾಗಿ ಕಾಡುತ್ತದೆ. ಇನ್ಸುಲಿನ್ ಕೊಟ್ಟೊಡನೆ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಅಸಿಟೋಅಸಿಟೇಟ್ ಆಗಿ ಬದಲಾಗುವುದರಿಂದ, ರೋಗಿ ಸುಧಾರಿಸುತ್ತಿದ್ದರೂ ಮೂತ್ರದ ಸ್ಟ್ರಿಪ್ ಇನ್ನಷ್ಟು ಗಾಢವಾಗಿ ಮನೆಯವರನ್ನು ಹೆದರಿಸುತ್ತದೆ. ಜೊತೆಗೆ ಮೂತ್ರ ಹೇಳುವುದು ಕಳೆದ ಕೆಲವು ಗಂಟೆಗಳ ಕಥೆಯನ್ನೇ ಹೊರತು ಆ ಕ್ಷಣದ ಸ್ಥಿತಿಯನ್ನಲ್ಲ. ನೀರು ಬತ್ತಿ ಮೂತ್ರವೇ ಆಗದ ಮಗುವಿನಲ್ಲಿ ಆ ಕಥೆಯೂ ಸಿಗುವುದಿಲ್ಲ. ಡಬ್ಬಿಯ ಮುಚ್ಚಳ ಸಡಿಲವಾಗಿ ತೇವ ತಗುಲಿದ ಅಥವಾ ಅವಧಿ ಮೀರಿದ ಸ್ಟ್ರಿಪ್ ಇದ್ದ ಕೀಟೋನನ್ನೂ ಇಲ್ಲವೆನ್ನಬಹುದು, ಹೆಚ್ಚು ಪ್ರಮಾಣದ ಸಿ ವಿಟಮಿನ್ ಮಾತ್ರೆಯೂ ಹಾಗೆಯೇ ಮರೆಮಾಚಬಹುದು. ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್ ಇಲ್ಲದ ಕೀಟೋನನ್ನು ತೋರಿಸಬಹುದು. ಅದ್ದಿದ ಮೇಲೆ ಎಷ್ಟು ಸೆಕೆಂಡಿಗೆ ಬಣ್ಣ ಓದಬೇಕೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗಿದ್ದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಬರೆದಿರುವುದು ಇಂಗ್ಲಿಷಿನಲ್ಲಿ, ಮನೆಯಲ್ಲಿ ಕನ್ನಡವಾಡುತ್ತ ತಮಿಳು ಲಿಪಿಯಲ್ಲಿ ಓದುಬರಹ ಕಲಿತ, ತಮಿಳುನಾಡಿನ ಕೊಯಮತ್ತೂರಿನ ನೇಕಾರ ಕುಟುಂಬಕ್ಕೆ ಅದು ಎರಡು ಭಾಷೆಯಾಚೆಯ ಸೂಚನೆ.

ಮುಖ್ಯ ವಸ್ತುವನ್ನು ಬಿಟ್ಟು ಸುಲಭವಾಗಿ ಸಿಕ್ಕಿದ್ದನ್ನು ಅಳೆಯುತ್ತ ನೂರಕ್ಕೂ ಹೆಚ್ಚು ವರ್ಷ ಕಳೆದ ಈ ಚರಿತ್ರೆ ತಿರುವು ಪಡೆದದ್ದು 1990ರ ದಶಕದ ಕೊನೆಗೆ ಬೆರಳ ತುದಿಯ ರಕ್ತದಲ್ಲಿ ಬೀಟಾ-ಹೈಡ್ರಾಕ್ಸಿಬ್ಯುಟಿರೇಟನ್ನೇ ಅಳೆಯುವ ಕೈಮೀಟರ್‌ಗಳು ಬಂದಾಗ. ಸ್ಟ್ರಿಪ್ಪಿನಲ್ಲಿರುವ ಕಿಣ್ವ ಬೀಟಾ-ಹೈಡ್ರಾಕ್ಸಿಬ್ಯುಟಿರೇಟನ್ನು ಆಕ್ಸಿಡೀಕರಿಸುವಾಗ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಮೀಟರ್ ಅಂಕಿಯಾಗಿ ತೋರಿಸುತ್ತದೆ. ಗ್ಲೂಕೋಮೀಟರ್ ಬಳಸಿ ಗೊತ್ತಿದ್ದವರಿಗೆ ಹೊಸದಾಗಿ ಕಲಿಯಬೇಕಾದ್ದೇನೂ ಇಲ್ಲ, ಕೆಲವು ಮೀಟರ್‌ಗಳು ಎರಡನ್ನೂ ಅಳೆಯುತ್ತವೆ. ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ಸಹಜ, 0.6ರಿಂದ 1.5ರವರೆಗೆ ಏರಿಕೆ, 1.5ರಿಂದ 3.0ರವರೆಗೆ ಅಪಾಯದ ಹೊಸ್ತಿಲು, 3.0 ಮತ್ತು ಅದಕ್ಕಿಂತ ಹೆಚ್ಚಿದ್ದರೆ ತುರ್ತುಸ್ಥಿತಿ ಎಂದು ಮಧುಮೇಹಿಗಳ ಮಟ್ಟಿಗೆ ಓದುವುದು ರೂಢಿ. ಮೂತ್ರದ ಸ್ಟ್ರಿಪ್ಪಿನಲ್ಲಿ ಡೆಸಿಲೀಟರಿಗೆ, ಎಂದರೆ 100 ಮಿಲಿಲೀಟರಿಗೆ, 15 ಮಿಲಿಗ್ರಾಂ ಅಲ್ಪವೆಂದೂ 40 ಮಧ್ಯಮವೆಂದೂ 80 ಮತ್ತು ಅದರ ಮೇಲಿನದು ಅಧಿಕವೆಂದೂ ಬಣ್ಣಗಳ ಪಟ್ಟಿಯಿರುತ್ತದೆ. ಈ ಎರಡು ಅಳತೆಗಳು ಬೇರೆ ಬೇರೆ ವಸ್ತುಗಳದಾದ್ದರಿಂದ ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕುವುದು ಸಾಧ್ಯವಿಲ್ಲ. ರಕ್ತದ ಕೀಟೋನ್ ಸ್ಟ್ರಿಪ್ ಸಕ್ಕರೆಯ ಸ್ಟ್ರಿಪ್ಪಿಗಿಂತ ದುಬಾರಿ, ಸಣ್ಣ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ; ಹೀಗಾಗಿ ಇಷ್ಟೆಲ್ಲ ಕೊರತೆಯ ನಡುವೆಯೂ ಮೂತ್ರದ ಸ್ಟ್ರಿಪ್ ತನ್ನ ಜಾಗ ಬಿಟ್ಟುಕೊಟ್ಟಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ಉಸಿರಿನ ಅಸಿಟೋನ್ ಅಳೆಯುವ ಉಪಕರಣಗಳು ಪಥ್ಯ ಮಾಡುವವರ ಕುತೂಹಲಕ್ಕೆ ಸಾಕು, ರೋಗಿಯ ಚಿಕಿತ್ಸೆಯನ್ನು ಅವುಗಳ ಮೇಲೆ ನಿಲ್ಲಿಸಲಾಗದು.

ಒಂದೇ ಅಂಕಿಗೆ ಸಂದರ್ಭದಿಂದ ಸಂದರ್ಭಕ್ಕೆ ಅರ್ಥ ಹೇಗೆ ಬದಲಾಗುತ್ತದೆಂಬುದನ್ನು ನೋಡಲು ಕೊಯಮತ್ತೂರು ಸೀಮೆ ಒಳ್ಳೆಯ ನೆಲೆ. ನಗರದ ಉತ್ತರಕ್ಕಿರುವ ಶರವಣಂಪಟ್ಟಿ 2011ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಊರು. ಸತ್ಯಮಂಗಲ ರಸ್ತೆಯ ಇಕ್ಕೆಲದಲ್ಲಿ ಇಂಜಿನಿಯರಿಂಗ್ ಕಾಲೇಜು, ಮಾಹಿತಿ ತಂತ್ರಜ್ಞಾನದ ಕಚೇರಿ, ಬಾಡಿಗೆ ಕೋಣೆಗಳು ತುಂಬಿವೆ. ಅದೇ ರಸ್ತೆ ದಿಂಬಂ ಘಟ್ಟ ಹತ್ತಿ ಚಾಮರಾಜನಗರ, ಕೊಳ್ಳೇಗಾಲದ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ, ನೇಕಾರರಾದ ದೇವಾಂಗರೂ ಒಕ್ಕಲಿಗರೂ ಇದ್ದಾರೆ, ಕರ್ನಾಟಕದಿಂದ ಈಚೆಗೆ ಉದ್ಯೋಗಕ್ಕೆ ಬಂದವರೂ ಇದ್ದಾರೆ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು.

ಏಕಾದಶಿಯಂದು ಕಾರಮಡೈ ರಂಗನಾಥನಿಗೆಂದು, ಶಿವರಾತ್ರಿಯಂದು ಜಾಗರಣೆಗೆಂದು ಉಪವಾಸವಿದ್ದವರ ಮೂತ್ರವನ್ನು ಮಾರನೆಯ ಬೆಳಿಗ್ಗೆ ಪರೀಕ್ಷಿಸಿದರೆ ಕೀಟೋನ್ ಕಾಣಿಸುವುದು ಸಹಜವೇ. ಇನ್ಸುಲಿನ್ ಸರಿಯಾಗಿ ಸ್ರವಿಸುವವರಲ್ಲಿ ಅದಕ್ಕೆ ಊಟವೇ ಮದ್ದು. 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿ ಕೈಗೊಂಡ ಕೊನೆಯ ಉಪವಾಸದಲ್ಲಿ ಅವರ ಮೂತ್ರದಲ್ಲಿ ಅಸಿಟೋನ್ ಕಾಣಿಸಿಕೊಂಡದ್ದು ವೈದ್ಯರನ್ನು ಕಳವಳಗೊಳಿಸಿತ್ತು. 78 ವರ್ಷದ ದುರ್ಬಲ ಮೂತ್ರಪಿಂಡಗಳ ವ್ಯಕ್ತಿಯಲ್ಲಿ ಆ ಕಳವಳಕ್ಕೆ ಕಾರಣವಿತ್ತು. ಬಸುರಿನ ಮೊದಲ ತಿಂಗಳುಗಳಲ್ಲಿ ವಾಂತಿಯಿಂದ ಅನ್ನ ನಿಲ್ಲದ ಹೆಂಗಸರಲ್ಲಿ ಮೂತ್ರದ ಕೀಟೋನ್ ಹಸಿವಿನ ಗುರುತು. ಶರವಣಂಪಟ್ಟಿಯಂಥ ಕಡೆಗಳಲ್ಲಿ ರಾತ್ರಿ ಪಾಳಿಯ ಯುವಕರು ತೂಕ ಇಳಿಸಲು ಹಿಡಿದಿರುವ, ತಮಿಳುನಾಡಿನಲ್ಲಿ 2010ರ ದಶಕದಿಂದ ಪೇಲಿಯೋ, ಕೀಟೋ ಎಂಬ ಹೆಸರುಗಳಲ್ಲಿ ಹಬ್ಬಿರುವ, ಅನ್ನ ಬಿಟ್ಟು ಮೊಟ್ಟೆ, ಮಾಂಸ, ಪನೀರ್, ಬಾದಾಮಿಯನ್ನೇ ನಂಬಿದ ಪಥ್ಯದಲ್ಲಿ 0.5ರಿಂದ 3.0 ಮಿಲಿಮೋಲ್‌ವರೆಗಿನ ಕೀಟೋನೇ ಗುರಿ. ಈ ಆಹಾರಕ್ರಮದ ಮೂಲ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಮಕ್ಕಳ ಅಪಸ್ಮಾರಕ್ಕೆಂದು ಸೂಚಿಸಿದ ಚಿಕಿತ್ಸೆ. ಅದು ವೈದ್ಯರ ಕಣ್ಗಾವಲಿನಲ್ಲಿ ನಡೆಯುವಂಥದ್ದು. ತೂಕ ಇಳಿಸುವವನ ಮೀಟರಿನಲ್ಲಿ 2.0 ಕಂಡರೆ ಅವನು ಹಿಗ್ಗುತ್ತಾನೆ. ಮೊದಲನೇ ವಿಧದ ಮಧುಮೇಹವಿರುವ ಪಕ್ಕದ ಮನೆಯ ಹುಡುಗಿಯ ಮೀಟರಿನಲ್ಲಿ ಅದೇ 2.0 ಬಂದರೆ ತಾಯಿ ತಡಮಾಡದೆ ವೈದ್ಯರಿಗೆ ಫೋನ್ ಮಾಡಬೇಕು.

ಈ ಎರಡು ಸಂದರ್ಭಗಳು ಒಬ್ಬನಲ್ಲೇ ಕೂಡಿದಾಗ ಹೊಸ ಬಗೆಯ ಅಪಾಯ ಹುಟ್ಟುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರಪಿಂಡದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ಆಗುವ ಒಳಿತು ನಿಜ. ಆದರೆ ಸಕ್ಕರೆ ಇಳಿದಂತೆ ಇನ್ಸುಲಿನ್ ತಗ್ಗಿ, ಗ್ಲೂಕಗಾನ್ ಏರಿ, ಕೀಟೋನ್ ಉತ್ಪಾದನೆಗೆ ಅನುವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಮೇ ತಿಂಗಳಿನಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಭಾರತದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲೂ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರಲ್ಲೂ ಮುಗಿದು ಅಗ್ಗದ ಮಾತ್ರೆಗಳು ಎಲ್ಲೆಡೆ ದೊರೆಯುವಂತಾದವು. ಈ ಮಾತ್ರೆ ನುಂಗುತ್ತ ಅನ್ನ ಪೂರ್ತಿ ಬಿಟ್ಟವರಿಗೆ, ಪಳನಿ ಪಾದಯಾತ್ರೆಯಲ್ಲಿ ಸರಿಯಾಗಿ ಉಣ್ಣದೆ ನಡೆದವರಿಗೆ, ಶಸ್ತ್ರಚಿಕಿತ್ಸೆಗೆಂದು ಉಪವಾಸವಿದ್ದವರಿಗೆ ಗ್ಲೂಕೋಮೀಟರ್ ಡೆಸಿಲೀಟರಿಗೆ 180 ಮಿಲಿಗ್ರಾಂ ತೋರಿಸುತ್ತಿರುವಾಗಲೇ ಕೀಟೋಅಸಿಡೋಸಿಸ್ ಬರಬಹುದು. ಸಕ್ಕರೆ ಚೆನ್ನಾಗಿದೆ ಎಂಬ ಸಮಾಧಾನದಲ್ಲಿ ವಾಂತಿ, ಸುಸ್ತು, ಏದುಸಿರನ್ನು ಅಜೀರ್ಣಕ್ಕೆ ಆರೋಪಿಸುವುದು ಇಲ್ಲಿ ನಡೆಯುವ ತಪ್ಪು. ಈ ಮಾತ್ರೆಗಳು ಕೀಟೋನ್ ಮೂತ್ರಕ್ಕೆ ಸೋರುವುದನ್ನೂ ತಗ್ಗಿಸಬಲ್ಲವಾದ್ದರಿಂದ ಇಂಥವರಲ್ಲಿ ರಕ್ತಪರೀಕ್ಷೆಯನ್ನೇ ನಂಬಬೇಕು. ಕೀಟೋಅಸಿಡೋಸಿಸ್ ಎನ್ನಲು ಮೊದಲು ಸಕ್ಕರೆ 250 ಮಿಲಿಗ್ರಾಂ ದಾಟಿರಬೇಕಿತ್ತು. 2024ರ ಅಂತರರಾಷ್ಟ್ರೀಯ ಒಮ್ಮತದ ವರದಿ ಅದನ್ನು 200ಕ್ಕೆ ಇಳಿಸಿದ್ದಲ್ಲದೆ, ಮಧುಮೇಹ ಇದೆಯೆಂದು ಮೊದಲೇ ಗೊತ್ತಿರುವವರಲ್ಲಿ ಸಕ್ಕರೆಯ ಅಂಕಿಯನ್ನೇ ಕಡ್ಡಾಯವಲ್ಲವೆಂದು ಕೈಬಿಟ್ಟಿತು. ಉಳಿದವು ಎರಡು: ರಕ್ತದ ಕೀಟೋನ್ 3.0 ಅಥವಾ ಹೆಚ್ಚು, ಮತ್ತು ಆಮ್ಲತೆಯ ಗುರುತಾಗಿ ಪಿಎಚ್ 7.3ಕ್ಕಿಂತ ಅಥವಾ ಬೈಕಾರ್ಬೊನೇಟ್ ಲೀಟರಿಗೆ 18 ಮಿಲಿಮೋಲ್‌ಗಿಂತ ಕಡಿಮೆ.

ಸಕ್ಕರೆ ಹೆಚ್ಚೇರದೆ ಕೀಟೋನ್ ಏರುವ ಈ ಸ್ಥಿತಿಗೆ ತದ್ವಿರುದ್ಧವಾದ ಸಂಗತಿಯೂ ದಕ್ಷಿಣ ಭಾರತಕ್ಕೆ ಹಳೆಯ ಪರಿಚಯ. ಪಾಲಕ್ಕಾಡು ಕಣಿವೆಯಾಚೆಯ ಕೇರಳದಲ್ಲಿ ವೈದ್ಯ ಪಿ.ಜೆ. ಗೀವರ್ಗೀಸ್ ವಿಸ್ತಾರವಾಗಿ ದಾಖಲಿಸಿದ, ತಮಿಳುನಾಡಿನಲ್ಲೂ ಕಂಡುಬಂದ ಒಂದು ಬಗೆಯ ಮಧುಮೇಹದಲ್ಲಿ ಬಡಕಲು ದೇಹದ ಯುವಕರ ಮೇದೋಜೀರಕ ಗ್ರಂಥಿಯಲ್ಲಿ ಸುಣ್ಣದ ಕಲ್ಲುಗಳು ಕಟ್ಟಿ, ಹೊಟ್ಟೆನೋವಿನಿಂದ ಶುರುವಾಗಿ, ಸಕ್ಕರೆ 400, 500ಕ್ಕೆ ಏರಿ ಇನ್ಸುಲಿನ್ ಬೇಕೇಬೇಕಾಗುತ್ತದೆ. ಆದರೂ ಚುಚ್ಚುಮದ್ದು ತಪ್ಪಿದಾಗ ಸಾಮಾನ್ಯವಾಗಿ ಕೀಟೋನ್ ಏರುವುದಿಲ್ಲ. ಅಳಿದುಳಿದ ಇನ್ಸುಲಿನ್, ಕರಗಲು ಮೈಯಲ್ಲಿ ಕೊಬ್ಬೇ ಇಲ್ಲದಿರುವುದು, ಗ್ರಂಥಿಯೊಂದಿಗೆ ಗ್ಲೂಕಗಾನ್ ಸಹ ಕುಗ್ಗಿರುವುದು ಇದಕ್ಕೆ ಕೊಡುವ ವಿವರಣೆಗಳು. ಅಪೌಷ್ಟಿಕತೆಯಿಂದ ಬರುವ ಮಧುಮೇಹವನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪ್ರತ್ಯೇಕ ವರ್ಗವಾಗಿ ಒಪ್ಪಿ 1999ರಲ್ಲಿ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಸೇರಿದಂತೆ ಹಲವರ ದುಡಿಮೆಯ ಫಲವಾಗಿ 2025ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಅದನ್ನು ಐದನೇ ವಿಧವೆಂದು ಮತ್ತೆ ಗುರುತಿಸಿತು. ಇಲ್ಲಿಯೂ ಕೀಟೋನ್ ಕಾಣದಿರುವುದು ಒಂದು ಲಕ್ಷಣ. ಸಣಕಲು ಹುಡುಗನ ಸಕ್ಕರೆ ವಿಪರೀತ ಏರಿದ್ದು ಕೀಟೋನ್ ಇಲ್ಲದಿದ್ದರೆ, ಆ ಇಲ್ಲದಿರುವಿಕೆಯೇ ವೈದ್ಯರಿಗೆ ದಾರಿ ತೋರಿಸುವ ಫಲಿತಾಂಶ.

ಕೀಟೋನ್ ಹಟ್ಟಿಯ ವಿಷಯವೂ ಹೌದು. ಹೆಚ್ಚು ಹಾಲು ಕರೆಯುವ ಮಿಶ್ರತಳಿ ಹಸುಗಳು ಕರು ಹಾಕಿದ ಮೊದಲ ವಾರಗಳಲ್ಲಿ ತಿಂದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿಗೆ ಸುರಿದು ಕೀಟೋಸಿಸ್‌ಗೆ ಒಳಗಾಗುತ್ತವೆ. ಹಸು ಹಿಂಡಿ ಬಿಟ್ಟು ಒಣಹುಲ್ಲನ್ನಷ್ಟೇ ಮೂಸುವುದು, ಹಾಲು ಇಳಿಯುವುದು, ಉಸಿರಿನಲ್ಲಿ ಸಿಹಿ ವಾಸನೆ ಬರುವುದು ಇದರ ಗುರುತು, ರಕ್ತದಲ್ಲಿ 1.2 ಮಿಲಿಮೋಲ್ ದಾಟಿದರೆ ಹೊರಗೆ ಕಾಣದ ಕೀಟೋಸಿಸ್ ಎಂದು ಲೆಕ್ಕ. ಪಶುವೈದ್ಯರು ಮೂತ್ರಕ್ಕೂ ಹಾಲಿಗೂ ಅದೇ ನೈಟ್ರೋಪ್ರಸೈಡ್ ಪುಡಿಯನ್ನು ಬಳಸುತ್ತಾರೆ. ಉಳುಮೆಗೆ ಹೆಸರಾದ, ಹಾಲು ಕಡಿಮೆ ಕೊಡುವ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ತಳಿಗೆ ಈ ಕಾಟ ಅಪರೂಪ.

ಮನುಷ್ಯರ ಪಾಡಿಗೆ ಮರಳಿದರೆ, ಪರೀಕ್ಷೆ ಜೀವ ಉಳಿಸುವುದು ಮುಖ್ಯವಾಗಿ ಮೊದಲನೇ ವಿಧದ ಮಧುಮೇಹವಿರುವ ಮಕ್ಕಳಲ್ಲಿ. ಕೊಯಮತ್ತೂರಿನ ‘ಇದಯಂಗಳ್’ ಟ್ರಸ್ಟ್‌ನಂಥ ಸಂಸ್ಥೆಗಳು ಇಂಥ ಬಡಮಕ್ಕಳಿಗೆ ನೆರವಾಗುತ್ತಿವೆ. ಕಾಯಿಲೆ ಇದೆಯೆಂದೇ ಗೊತ್ತಿರದ ಮಗುವಿನಲ್ಲಿ ಕೀಟೋಅಸಿಡೋಸಿಸ್‌ನ ಹೊಟ್ಟೆನೋವು ಅಪೆಂಡಿಸೈಟಿಸ್ ಎಂದೂ ಏದುಸಿರು ನ್ಯುಮೋನಿಯಾ ಅಥವಾ ಉಬ್ಬಸವೆಂದೂ ತಪ್ಪಾಗಿ ತೋರಬಹುದು. ಒಂದು ಹನಿ ರಕ್ತದ ಸಕ್ಕರೆ, ಒಂದು ಸ್ಟ್ರಿಪ್ಪಿನ ಕೀಟೋನ್ ಈ ಗೊಂದಲವನ್ನು ನಿಮಿಷದಲ್ಲಿ ಬಿಡಿಸುತ್ತವೆ. ಕಾಯಿಲೆ ಗೊತ್ತಿರುವ ಮನೆಗಳಲ್ಲಿ ಜ್ವರ, ವಾಂತಿ, ಭೇದಿ ಬಂದಾಗ ಅಥವಾ ಸಕ್ಕರೆ 250ರ ಮೇಲೆ ನಿಂತುಬಿಟ್ಟಾಗ ಎರಡರಿಂದ ನಾಲ್ಕು ಗಂಟೆಗೊಮ್ಮೆ ಕೀಟೋನ್ ನೋಡಬೇಕು, ನೀರು ಕುಡಿಸುತ್ತಿರಬೇಕು, ಮಗು ಉಣ್ಣಲಿಲ್ಲವೆಂದು ಇನ್ಸುಲಿನ್ ನಿಲ್ಲಿಸಕೂಡದು. ಉಣ್ಣದ ಮಗುವಿಗೆ ಇನ್ಸುಲಿನ್ ಯಾಕೆ ಎಂಬ ಹಿರಿಯರ ಮಾತು ಪ್ರೀತಿಯಿಂದ ಬಂದದ್ದಾದರೂ ಕೀಟೋಅಸಿಡೋಸಿಸ್‌ಗೆ ಅದೇ ನೇರ ದಾರಿ. ಪ್ರಮಾಣ ಎಷ್ಟೆಂಬುದನ್ನು ಮಾತ್ರ ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಶರವಣಂಪಟ್ಟಿಯಲ್ಲಿದ್ದವರಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆಗಳು ಹತ್ತಿರದಲ್ಲೇ ಇವೆ. ಅದೇ ರಸ್ತೆಯ ಮೇಲ್ತುದಿಯ ಹಾಸನೂರು, ತಾಳವಾಡಿಯ ಕನ್ನಡ ಕುಟುಂಬಗಳಿಗೆ ಕೊಯಮತ್ತೂರು ದಿಂಬಂ ಘಟ್ಟದ 27 ಕಡಿದಾದ ತಿರುವುಗಳ ಕೆಳಗಿದೆ. ವನ್ಯಜೀವಿಗಳ ರಕ್ಷಣೆಗಾಗಿ 2022ರಿಂದ ಆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದು, ಆಂಬುಲೆನ್ಸ್‌ಗಳಿಗೆ ವಿನಾಯಿತಿಯಿದೆ. ಹೀಗಿರುವಾಗ ಕಾಯಿಲೆ ಬಿದ್ದ ಮಧುಮೇಹಿ ಮಗುವಿನ ಕೀಟೋನನ್ನು ಕತ್ತಲಾಗುವ ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯದು. ಅಂಕಿ 1.5 ದಾಟಿ ಏರುತ್ತಿದ್ದರೆ, ಮೂತ್ರದ ಸ್ಟ್ರಿಪ್ ಮಧ್ಯಮ ಅಥವಾ ಅಧಿಕ ತೋರಿಸಿದರೆ, ಅಥವಾ ವಾಂತಿ ನಿಲ್ಲದಿದ್ದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ತಾಳವಾಡಿಯವರಿಗಾದರೆ ಘಟ್ಟ ಇಳಿಯುವುದಕ್ಕಿಂತ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಹತ್ತಿರ.